ಆಜ್ಞೆ ಬೇರೆ, ಹೆಸರು ಬೇರೆ

ಪ್ರಯೋಗದ ಅಳತೆಗಳನ್ನು ತುಂಬಿದ ಕಡತಗಳನ್ನು ವಿಂಗಡಿಸುವುದಕ್ಕೂ ಅವುಗಳಿಂದ ನಕ್ಷೆಗಳನ್ನು ಬರೆಯುವುದಕ್ಕೂ ವಿಜ್ಞಾನದ ವಿದ್ಯಾರ್ಥಿಗಳು ಇಂದು ಪೈಥಾನ್ ಭಾಷೆಯಲ್ಲಿ ಸಣ್ಣ ಸ್ಕ್ರಿಪ್ಟುಗಳನ್ನು ರಚಿಸುತ್ತಾರೆ. ಸ್ಕ್ರಿಪ್ಟು ಎಲ್ಲವನ್ನೂ ತಾನೇ ಮಾಡಬೇಕಾಗಿಲ್ಲ. ಕಂಪ್ಯೂಟರಿನಲ್ಲಿರುವ ಬೇರೊಂದು ಪ್ರೋಗ್ರಾಮಿಗೆ ಆಜ್ಞೆಯಿತ್ತು ಕೆಲಸ ಮಾಡಿಸಬಹುದು. ಈ ಆಜ್ಞೆಯನ್ನು ಕೊಡುವ ರೀತಿಯಲ್ಲಿ ಅಪಾಯವೊಂದು ಅಡಗಿದೆ. ಅದನ್ನು ಮೊದಲ ಪಾಠದಲ್ಲಿಯೇ ತಿಳಿಸತಕ್ಕದ್ದೆಂಬುದು ನಮ್ಮ ಅಭಿಪ್ರಾಯ.

ಹಲವರು ಹಿಡಿಯುವ ಸುಲಭದ ದಾರಿ ‘ಓಎಸ್.ಸಿಸ್ಟಮ್’. ಆಜ್ಞೆಯನ್ನೂ ಕಡತದ ಹೆಸರನ್ನೂ ಒಂದೇ ವಾಕ್ಯವಾಗಿ ಹೆಣೆದು ಕೊಟ್ಟರೆ, ಅದು ಆ ವಾಕ್ಯವನ್ನು ‘ಶೆಲ್’ ಎಂಬ ದುಭಾಷಿಗೆ ಒಪ್ಪಿಸುತ್ತದೆ. ಲಿನಕ್ಸ್ ವ್ಯವಸ್ಥೆಯ ಶೆಲ್ಲು ತೆರಪು ಕಂಡೆಡೆಯಲ್ಲಿ ಪದಗಳನ್ನು ಬಿಡಿಸುತ್ತದೆ. ಅರ್ಧವಿರಾಮ ಕಂಡರೆ ಅಲ್ಲಿಂದ ಹೊಸ ಆಜ್ಞೆ ಮೊದಲಾಯಿತೆಂದು ತಿಳಿಯುತ್ತದೆ. ‘ಅಳತೆ ಹಳೆಯದು’ ಎಂಬ ಕಡತವನ್ನು ಅಳಿಸೆಂದು ಹೇಳಿದೆವೆನ್ನೋಣ. ಶೆಲ್ಲಿನ ಪಾಲಿಗೆ ಅವು ‘ಅಳತೆ’, ‘ಹಳೆಯದು’ ಎಂಬ ಎರಡು ಹೆಸರುಗಳು. ಹೊಸ ಪ್ರಯೋಗದ ಕಡತಕ್ಕೆ ‘ಅಳತೆ’ ಎಂದೇ ಹೆಸರಿದ್ದರೆ ಅದು ನಾಶವಾಗಿ, ಹಳೆಯದು ಹಾಗೆಯೇ ಉಳಿಯುತ್ತದೆ. ತಪ್ಪು ಪದಚ್ಛೇದದಿಂದ ಹಳಗನ್ನಡ ಪದ್ಯದ ಅರ್ಥ ಕೆಡುವುದನ್ನು ವಿದ್ಯಾರ್ಥಿಗಳು ಬಲ್ಲರು. ಇಲ್ಲಿ ಅದರಿಂದ ತಿಂಗಳುಗಳ ದುಡಿಮೆಯೇ ಹೋಗಬಹುದು.

ಇದು ಬರಿಯ ಊಹೆಯಲ್ಲ. 2001ರ ನವೆಂಬರಿನಲ್ಲಿ ಆಪಲ್ ಸಂಸ್ಥೆಯು ಹೊರತಂದ ಐಟ್ಯೂನ್ಸ್ 2.0ರ ಸ್ಥಾಪನಾ ಸ್ಕ್ರಿಪ್ಟು ಡಿಸ್ಕಿನ ಹೆಸರಿನಲ್ಲಿದ್ದ ತೆರಪಿನಿಂದ ದಾರಿ ತಪ್ಪಿ, ಕೆಲವರ ಡಿಸ್ಕುಗಳನ್ನು ಬರಿದು ಮಾಡಿತು. ಸಂಸ್ಥೆಯು ಅದನ್ನು ಕೂಡಲೇ ಹಿಂತೆಗೆದುಕೊಳ್ಳಬೇಕಾಯಿತು. ಇಮೇಜ್‌ಮ್ಯಾಜಿಕ್ ಎಂಬ ಚಿತ್ರ ಪರಿವರ್ತಕದಲ್ಲಿ, ದುರುಳರು ಚಿತ್ರದ ಕಡತದೊಳಗೆ ಹುದುಗಿಸಿದ ಬರಹವೇ ಆಜ್ಞೆಯಾಗಿ ನಡೆಯಬಲ್ಲುದೆಂದು 2016ರಲ್ಲಿ ಬೆಳಕಿಗೆ ಬಂದಿತು. ಒಂದು ಅಜಾಗ್ರತೆಯ ಫಲ, ಇನ್ನೊಂದು ವಂಚನೆಗೆ ತೆರೆದ ಬಾಗಿಲು. ಮೂಲದೋಷ ಎರಡರಲ್ಲಿಯೂ ಒಂದೇ.

ಪರಿಹಾರವು ಕಷ್ಟವಾದುದಲ್ಲ. ಅಳಿಸುವಂತಹ ಕೆಲಸಕ್ಕೆ ಪೈಥಾನಿನಲ್ಲಿಯೇ ಸೌಕರ್ಯವಿರುವುದರಿಂದ ಹೊರಗಿನ ಆಜ್ಞೆಯೇ ಬೇಡ. ಬೇಕೇ ಆದಲ್ಲಿ, 2004ರಲ್ಲಿ ಪೈಥಾನ್ 2.4ರೊಡನೆ ಬಂದ ‘ಸಬ್‌ಪ್ರೊಸೆಸ್’ ಇದೆ. ಇದಕ್ಕೆ ಆಜ್ಞೆಯನ್ನೂ ಪ್ರತಿಯೊಂದು ಹೆಸರನ್ನೂ ಪಟ್ಟಿಯ ಬೇರೆ ಬೇರೆ ಅಂಶಗಳಾಗಿ ಕೊಡಬೇಕು. ಆಗ ಶೆಲ್ಲು ನಡುವೆ ಬರುವುದಿಲ್ಲ. ತೆರಪಾಗಲಿ ಅರ್ಧವಿರಾಮವಾಗಲಿ ಹೆಸರಿನ ಭಾಗವಾಗಿಯೇ ತಲುಪುತ್ತದೆ. ‘ಶೆಲ್=ಟ್ರೂ’ ಎಂದು ಸೇರಿಸಿದರೆ ಮಾತ್ರ ಹಳೆಯ ಅಪಾಯ ಮರಳುತ್ತದೆ. ‘ಚೆಕ್=ಟ್ರೂ’ ಎಂದು ಬರೆದರೆ, ಆಜ್ಞೆಯು ವಿಫಲವಾದಾಗ ಸ್ಕ್ರಿಪ್ಟು ಸುಮ್ಮನೆ ಮುಂದುವರಿಯದೆ ಅದನ್ನು ದೋಷವೆಂದು ಸಾರುತ್ತದೆ. ಆದರೂ ಒಂದು ಎಚ್ಚರ ಬೇಕು: ಅಡ್ಡಗೆರೆಯಿಂದ ಮೊದಲಾಗುವ ಹೆಸರನ್ನು ಅನೇಕ ಪ್ರೋಗ್ರಾಮುಗಳು ಸೂಚನೆಯೆಂದು ಭಾವಿಸುತ್ತವೆ.

ಕಲಿಯುವವರಿಗೆ ಮೊದಲು ಸುಲಭವಾದುದನ್ನು ಹೇಳಿ ಎಚ್ಚರಿಕೆಯನ್ನು ಆಮೇಲೆ ಕಲಿಸೋಣವೆಂದು ಕೆಲವರು ವಾದಿಸಬಹುದು. ಸ್ಕ್ರೂಗೇಜನ್ನು ಕೈಗೆ ಕೊಟ್ಟ ದಿನವೇ ನಾವು ಅದರ ಶೂನ್ಯದೋಷವನ್ನು ನೋಡಲು ಕಲಿಸುತ್ತೇವೆ. ಅಳತೆಗಳೆಲ್ಲ ಮುಗಿದ ಮೇಲಲ್ಲ. ಕಂಪ್ಯೂಟರಿಗೂ ಅದೇ ನ್ಯಾಯ ಸಲ್ಲಬೇಕು. ಸುಲಭವೆಂದು ಕಲಿತುದು ಅಭ್ಯಾಸವಾಗಿ ಉಳಿಯುತ್ತದೆ; ಅಳಿಸಿಹೋದ ಕಡತವು ಹಿಂದಿರುಗುವುದು ಅಪರೂಪ.