ದಪ್ಪಕ್ಷರದ ಅಂಕಿ

ಲ್ಯಾಬ್ ರಿಪೋರ್ಟಿನಲ್ಲಿ ಮಿತಿ ಮೀರಿದ ಅಂಕಿ ದಪ್ಪಕ್ಷರದಲ್ಲಿ ಬರುತ್ತದೆ. ಹೆಲ್ತ್ ಪ್ಯಾಕೇಜಿಗೆಂದು ಕೊಟ್ಟ ರಕ್ತದಲ್ಲಿ ‘ಸಿಇಎ 7.2’ ಎಂದು ಕಂಡು, ಪಕ್ಕದಲ್ಲೇ ‘5ಕ್ಕಿಂತ ಕಡಿಮೆ’ ಎಂಬ ಮಿತಿ ಅಚ್ಚಾಗಿದ್ದರೆ ಮನೆಮಂದಿಯ ಜಂಘಾಬಲವೇ ಉಡುಗುತ್ತದೆ. ಬೀಡಿ ಸಿಗರೇಟು ಸೇದುವವರಲ್ಲಿ ಕ್ಯಾನ್ಸರ್ ಇಲ್ಲದೆಯೂ ಅಂಕಿ ಇಷ್ಟು ಏರಬಹುದೆಂದು ಆ ಕಾಗದ ಹೇಳುವುದಿಲ್ಲ.

ಸಿಇಎ ಎಂಬುದು ಕ್ಯಾನ್ಸರಿನ ಸುಳಿವು ಕೊಡಬಹುದಾದ ಪ್ರೊಟೀನ್, ಅಂದರೆ ಮಾರ್ಕರ್. ಅದನ್ನು 1965ರಲ್ಲಿ ಗುರುತಿಸಿದವರು ಕೆನಡಾದ ಮಾಂಟ್ರಿಯಲ್‌ನ ಫಿಲ್ ಗೋಲ್ಡ್ ಮತ್ತು ಸ್ಯಾಮ್ಯುಯೆಲ್ ಫ್ರೀಡ್‌ಮನ್. ದೊಡ್ಡಕರುಳಿನ ಗಡ್ಡೆಯಲ್ಲೂ ಭ್ರೂಣದ ಕರುಳಿನಲ್ಲೂ ಅದು ಸಿಕ್ಕಾಗ, ಇನ್ನು ಕ್ಯಾನ್ಸರ್ ರಕ್ತಪರೀಕ್ಷೆಯಲ್ಲೇ ಸಿಕ್ಕಿಬೀಳುತ್ತದೆಂಬ ಆಸೆ ಹುಟ್ಟಿತು. ಆರೋಗ್ಯವಂತರಲ್ಲೂ ಅದು ಅಲ್ಪಸ್ವಲ್ಪ ಇರುತ್ತದೆಂದು ಆಮೇಲೆ ತಿಳಿಯಿತು. ಜಠರದ ಕ್ಯಾನ್ಸರಿನಲ್ಲಿ ಇದರ ಜೊತೆಗೆ ಸಿಎ 19-9, ಸಿಎ 72-4 ಎಂಬ ಮಾರ್ಕರ್‌ಗಳನ್ನೂ ನೋಡುವುದುಂಟು.

ಮೂರಕ್ಕೂ ಒಂದೇ ಕೊರತೆ. ಗಡ್ಡೆ ಜಠರದ ಒಳಪದರದಲ್ಲಷ್ಟೇ ಇದ್ದು ಗುಣವಾಗುವ ಹಂತದಲ್ಲಿರುವಾಗ ಬಹುಪಾಲು ರೋಗಿಗಳಲ್ಲಿ ಇವು ಏರುವುದೇ ಇಲ್ಲ. ಜಠರ ಕ್ಯಾನ್ಸರ್ ಹೆಚ್ಚಿರುವ ಜಪಾನ್ ಸಾಮೂಹಿಕ ತಪಾಸಣೆಗೆ ದಶಕಗಳ ಕಾಲ ಬೇರಿಯಂ ಎಕ್ಸ್-ರೇಯನ್ನೂ ಈಚೆಗೆ ಎಂಡೋಸ್ಕೋಪಿಯನ್ನೂ ನೆಚ್ಚಿಕೊಂಡಿದ್ದು ಸುಮ್ಮನೆ ಅಲ್ಲ. ಸಿಎ 19-9ರದಂತೂ ಎರಡು ಬಗೆಯ ಮೋಸ: ಪಿತ್ತನಾಳದಲ್ಲಿ ಕಲ್ಲು ಸಿಕ್ಕಿಕೊಂಡರೂ ಏರುತ್ತದೆ, ಲೂಯಿಸ್ ಎಂಬ ರಕ್ತಗುಂಪಿನ ಅಂಶವಿಲ್ಲದ ಕೆಲವರಲ್ಲಿ, ಕ್ಯಾನ್ಸರ್ ಹಬ್ಬಿದ್ದರೂ ಏರುವುದಿಲ್ಲ.

ಹಾಗಾದರೆ ಪ್ರಯೋಜನ? ಕಾಯಿಲೆ ಖಚಿತವಾದ ಮೇಲಿದೆ. ಆಪರೇಷನ್ನಿಗೆ ಮುಂಚೆ ಏರಿದ್ದ ಸಿಇಎ, ಗಡ್ಡೆ ಪೂರ್ತಿ ತೆಗೆದ ಕೆಲವು ವಾರಗಳಲ್ಲಿ ಇಳಿಯಬೇಕು. ಇಳಿದದ್ದು ಒಂದಾದ ಮೇಲೊಂದು ಪರೀಕ್ಷೆಯಲ್ಲಿ ಮತ್ತೆ ಏರುತ್ತಾ ಹೋದರೆ, ಸ್ಕ್ಯಾನಿನಲ್ಲಿ ಏನೂ ಕಾಣದಿದ್ದರೂ ವೈದ್ಯರು ಚುರುಕಾಗುತ್ತಾರೆ. ಅಲ್ಲೂ ಅವಸರ ಸಲ್ಲದು: ಕೀಮೋ ಶುರುವಾದ ಮೊದಲ ವಾರಗಳಲ್ಲಿ ಔಷಧ ಫಲಿಸುತ್ತಿದ್ದರೂ ಅಂಕಿ ಕೆಲವೊಮ್ಮೆ ಏರಿ, ಆಮೇಲೆ ಇಳಿಯುವುದುಂಟು.

ದಪ್ಪಕ್ಷರ ಕಂಡು ಗಾಬರಿಯಾದವರು ಹೇಗಾದರೂ ವೈದ್ಯರ ಬಳಿ ಓಡುತ್ತಾರೆ. ನಾಲ್ಕು ದಿನ ನಿದ್ದೆಗೆಟ್ಟರೂ ಸಮಾಧಾನ ಸಿಕ್ಕೀತು. ನನಗೆ ಭಯವಿರುವುದು ತೆಳುವಾದ ಅಕ್ಷರದ ಬಗ್ಗೆ. ಊಟ ಸೇರುತ್ತಿಲ್ಲ, ತೂಕ ಇಳಿಯುತ್ತಿದೆ, ಮಲ ಟಾರಿನಂತೆ ಕಪ್ಪಗಿದೆ. ಆದರೂ ‘ಮಾರ್ಕರ್ ನಾರ್ಮಲ್ ಇದೆಯಲ್ಲ’ ಎಂದು ಗ್ಯಾಸ್ಟ್ರಿಕ್ ಮಾತ್ರೆ ನುಂಗಿಕೊಂಡು ಕೂರುವವರಿಗೆ ಎಂಡೋಸ್ಕೋಪಿ ಬೇಕು, ಅನುಮಾನ ಬಂದ ಕಡೆಯಿಂದ ಬಯಾಪ್ಸಿ ಬೇಕು. ಆ ನಾರ್ಮಲ್ ರಿಪೋರ್ಟು ಅವರಿಂದ ಕಸಿಯುವುದು ತಿಂಗಳುಗಳನ್ನು, ಮತ್ತು ಈ ಕಾಯಿಲೆಯಲ್ಲಿ ತಿಂಗಳುಗಳಿಗೆ ಬೆಲೆಯಿದೆ.