ದೇವರ ಚಿತ್ತ ಮತ್ತು ಮನುಷ್ಯನ ಪ್ರಯತ್ನ

ಬದುಕಿನ ಹಿಡಿತವನ್ನು ದೇವರಿಗೆ ಒಪ್ಪಿಸುವುದು ಕ್ರೈಸ್ತ ವಿಶ್ವಾಸದ ತಿರುಳು. ಗೆತ್ಸೆಮನೆ ತೋಟದಲ್ಲಿ ಯೇಸು ಮಾಡಿದ ಪ್ರಾರ್ಥನೆಯೇ ಅದಕ್ಕೆ ಮಾದರಿ. ಬರಲಿರುವ ಸಂಕಟ ತಪ್ಪಲಿ ಎಂದು ಅವರು ಮೊದಲು ಬೇಡಿಕೊಂಡರು. ಆಮೇಲೆ ತಂದೆಯ ಚಿತ್ತಕ್ಕೆ ತಲೆಬಾಗಿದರು. ಆಸೆಯನ್ನೂ ಅಂಜಿಕೆಯನ್ನೂ ಬಚ್ಚಿಡದೆ ದೇವರ ಮುಂದಿಟ್ಟ ಮೇಲೆಯೇ ಸಮರ್ಪಣೆ ನಿಜವಾಗುತ್ತದೆ.

ಎಲ್ಲವನ್ನೂ ಒಪ್ಪಿಸಿದ ಮೇಲೆ ಮನುಷ್ಯನಿಗೆ ಉಳಿಯುವ ಕೆಲಸವೇನು? ಈ ಪ್ರಶ್ನೆ ಕ್ರೈಸ್ತರದ್ದಷ್ಟೇ ಅಲ್ಲ, ಮಂಡ್ಯ ಜಿಲ್ಲೆಗೂ ಇದು ಹೊಸದಲ್ಲ. ಅಲ್ಲಿ ರಾಮಾನುಜಾಚಾರ್ಯರು ನೆಲೆಸಿದ್ದ ಮೇಲುಕೋಟೆಯ ಶ್ರೀವೈಷ್ಣವ ಪರಂಪರೆಯೂ ಶರಣಾಗತಿಯ ಬಗ್ಗೆ ಇದನ್ನೇ ಚರ್ಚಿಸಿದೆ. ಕೋತಿಮರಿ ತಾಯಿಯನ್ನು ತಾನೇ ಅಪ್ಪಿಕೊಳ್ಳುವಂತೆ ಭಕ್ತನ ಪ್ರಯತ್ನವೂ ಬೇಕು ಎಂಬುದು ಆ ಪರಂಪರೆಯ ವಡಗಲೈ ಪಂಥದ ನಿಲುವು. ಬೆಕ್ಕು ತನ್ನ ಮರಿಯನ್ನು ಕಚ್ಚಿ ಒಯ್ಯುವಂತೆ ಭಗವಂತನೇ ಕಾಯುತ್ತಾನೆ ಎಂಬುದು ತೆಂಗಲೈ ಪಂಥದ ನಿಲುವು. ಕ್ರೈಸ್ತ ಲೋಕದಲ್ಲಿ 5ನೇ ಶತಮಾನದಲ್ಲಿ ಪೆಲಾಜಿಯಸ್ ಎಂಬ ಬೋಧಕ ಮನುಷ್ಯನ ಸಂಕಲ್ಪಬಲವನ್ನು ಎತ್ತಿಹಿಡಿದಾಗ, ಸಂತ ಅಗಸ್ಟೀನ್ ದೇವರ ಕೃಪೆಯೇ ಮೊದಲು ಎಂದು ವಾದಿಸಿದರು. ಕ್ರೈಸ್ತ ಸಭೆ ಅಗಸ್ಟೀನರ ಕಡೆ ನಿಂತಿತು. ಆದರೆ ಆತ್ಮ ಏನನ್ನೂ ಮಾಡದೆ ಸುಮ್ಮನಿರಬೇಕು ಎಂಬ ಪಾದ್ರಿ ಮೊಲಿನೋಸನ ಬೋಧನೆಯನ್ನು 1687ರಲ್ಲಿ ರೋಮ್ ಖಂಡಿಸಿತು. ತನ್ನಿಂದಲೇ ಎಲ್ಲ ಎಂಬ ಅಹಂಕಾರವನ್ನೂ ತನ್ನಿಂದೇನೂ ಬೇಕಿಲ್ಲ ಎಂಬ ಜಡತೆಯನ್ನೂ ಸಭೆ ಒಪ್ಪಲಿಲ್ಲ.

ಈ ನಿಲುವು ನಡೆಯಲ್ಲಿ ಹೇಗಿರುತ್ತದೆ ಎಂಬುದಕ್ಕೆ ಶ್ರೀರಂಗಪಟ್ಟಣದ ಗಂಜಾಂ ಸಾಕ್ಷಿ. 1799ರ ಯುದ್ಧದಲ್ಲಿ ಪಟ್ಟಣದ ಕೋಟೆ ಬಿದ್ದ ಬಳಿಕ, ಚೆದುರಿಹೋಗಿದ್ದ ಕ್ರೈಸ್ತರನ್ನು ಕೂಡಿಸಲು ಫ್ರೆಂಚ್ ಪಾದ್ರಿ ಅಬ್ಬೆ ದ್ಯುಬುವಾ ಇಲ್ಲಿಗೆ ಬಂದರು. ಗಂಜಾಂನ ಚರ್ಚು ಅವರ ಕಾಲದ್ದು. ಆಗ ಸಿಡುಬು ಊರೂರನ್ನೇ ಬರಿದು ಮಾಡುತ್ತಿತ್ತು. 1796ರಲ್ಲಿ ವೈದ್ಯ ಜೆನ್ನರ್ ಕಂಡುಹಿಡಿದ ಲಸಿಕೆ 1802ರಲ್ಲಿ ಭಾರತಕ್ಕೆ ಬಂದಾಗ, ಜನರ ಮನವೊಲಿಸಿ ಅದನ್ನು ಹಾಕಿಸಲು ದ್ಯುಬುವಾ ಶ್ರಮಿಸಿದರು. ಬಡ ಕುಟುಂಬಗಳಿಗಾಗಿ ಹಾಸನದ ಕಡೆ ಸಾತಳ್ಳಿಯಲ್ಲಿ ಬೇಸಾಯದ ನೆಲೆ ಕಲ್ಪಿಸಿದರು. ಬಾಳನ್ನೇ ದೇವರಿಗೆ ಒಪ್ಪಿಸಿದ್ದ ಆ ಗುರು ರೋಗವನ್ನು ದೇವರ ಚಿತ್ತವೆಂದು ಬಿಟ್ಟು ಕೂರಲಿಲ್ಲ. ಫಲ ದೇವರದು, ದುಡಿಮೆ ತನ್ನದು ಎಂಬ ವಿಂಗಡಣೆ ಈ ನಡೆಯಲ್ಲಿ ಸ್ಪಷ್ಟವಾಗಿದೆ.

ಹಳೆಯ ಮೈಸೂರು ಸೀಮೆಯಲ್ಲಿ ಕೆಲಸ ಮಾಡಿದ ವೆಸ್ಲಿಯನ್ ಮಿಷನ್ನಿನ ಪರಂಪರೆಯೂ ಇದನ್ನೇ ಹೇಳುತ್ತದೆ. ಜಾನ್ ವೆಸ್ಲಿ 1755ರಲ್ಲಿ ಆರಂಭಿಸಿದ ಒಡಂಬಡಿಕೆಯ ಆರಾಧನೆಯಲ್ಲಿ ಭಕ್ತರು ದೇವರು ಕೆಲಸ ಕೊಟ್ಟರೂ ಸರಿ, ಬದಿಗಿಟ್ಟರೂ ಸರಿ ಎಂದು ತಮ್ಮನ್ನು ಒಪ್ಪಿಸಿಕೊಳ್ಳುತ್ತಾರೆ. ಅದೇ ಮಿಷನ್ ಶಾಲೆಗಳನ್ನೂ ಆಸ್ಪತ್ರೆಗಳನ್ನೂ ಕಟ್ಟಿತು.

ಸಮರ್ಪಣೆ ಮನುಷ್ಯನನ್ನು ಸೋಮಾರಿಯಾಗಿಸುತ್ತದೆ ಎಂಬ ಆಕ್ಷೇಪಕ್ಕೆ ಈ ಚರಿತ್ರೆಯೇ ಉತ್ತರ. ಇನ್ನೊಂದು ಆಕ್ಷೇಪ ಹೆಚ್ಚು ಗಂಭೀರವಾದದ್ದು: ದೇವರಿಗೆ ಒಪ್ಪಿಸಬೇಕಾದ ಬಾಳನ್ನು ದೇವರ ಹೆಸರು ಹೇಳುವ ಮನುಷ್ಯ ಕಸಿದುಕೊಳ್ಳಬಹುದು. ಔಷಧಿ ಬಿಡಿಸುವ, ಗಂಡನ ಹೊಡೆತವನ್ನು ಸಹಿಸಿಕೋ ಎನ್ನುವ, ಪ್ರಶ್ನೆ ಕೇಳಿದವರನ್ನು ಅವಿಶ್ವಾಸಿ ಎಂದು ಜರೆಯುವ ಬೋಧನೆ ಸಮರ್ಪಣೆಯಲ್ಲ, ಗುಲಾಮಗಿರಿ. ಈ ಅಪಾಯಕ್ಕೆ ಮದ್ದು ವಿವೇಚನೆ. ಯೇಸುಸಭೆಯ ಸ್ಥಾಪಕ ಸಂತ ಇಗ್ನೇಷಿಯಸ್ ತನ್ನನ್ನು ಪೂರ್ತಿ ಅರ್ಪಿಸಿಕೊಳ್ಳುವುದನ್ನು ಕಲಿಸಿದವರು. ಯಾವ ಪ್ರೇರಣೆ ದೇವರದು, ಯಾವುದು ಅಲ್ಲ ಎಂದು ಒರೆಹಚ್ಚುವ ನಿಯಮಗಳನ್ನು ಕೊಟ್ಟವರೂ ಅವರೇ.

ವಿವೇಕವನ್ನು ಕೊಟ್ಟವನು ದೇವರೇ ಎಂದು ನಂಬುವವರು ಅದನ್ನು ತೊರೆದು ಆತನನ್ನು ಮೆಚ್ಚಿಸಲಾರರು. ಒಪ್ಪಿಸಬೇಕಾದದ್ದು ಫಲದ ಮೇಲಿನ ಹಟವನ್ನು ಮತ್ತು ನಾಳೆಯ ಭಯವನ್ನು. ಕರ್ತವ್ಯವನ್ನೂ ಮನಸ್ಸಾಕ್ಷಿಯನ್ನೂ ಅಲ್ಲ.