ಕಿತ್ತಳೆಯ ಲೆಕ್ಕ

ಅರ್ಥಶಾಸ್ತ್ರದ ತರಗತಿಯಲ್ಲಿ ‘ಮಧ್ಯವರ್ತಿ’ ಎಂಬ ಮಾತು ಬಂದೊಡನೆ ಹಿಂದಿನ ಬೆಂಚಿನವರೂ ನಿದ್ದೆ ತಿಳಿದು ನೆಟ್ಟಗೆ ಕುಳಿತುಕೊಳ್ಳುವುದುಂಟು. ಬೆಳೆದವನ ಬಾಯಿಗೂ ತಿನ್ನುವವನ ಬಾಯಿಗೂ ಮಣ್ಣು ಹಾಕಿ ತಾನೊಬ್ಬನೇ ದುಂಡಗಾಗುವ ಪ್ರಾಣಿಯೊಂದರ ಚಿತ್ರ ಆಗ ನಮ್ಮೆಲ್ಲರ ಕಣ್ಣೆದುರು ನಿಲ್ಲುತ್ತದೆ. ಪರೀಕ್ಷೆಯಲ್ಲಿ ಆತನನ್ನು ಬೈದು ಬರೆದರೆ ಅಂಕಗಳಿಗೂ ಕೊರತೆಯಿಲ್ಲ. ನಾನೂ ಹಾಗೆ ಬರೆದು ಅಂಕ ಪಡೆದವನೇ. ಆದರೆ ಕಳೆದ ಡಿಸೆಂಬರಿನಲ್ಲಿ ನಾಲ್ಕು ಪೆಟ್ಟಿಗೆ ಕಿತ್ತಳೆ ನನಗೆ ಬೇರೊಂದು ಪಾಠ ಹೇಳಿತು. ಅದನ್ನು ವಾಚಕರ ಮುಂದಿಡುವುದಷ್ಟೇ ಈ ಬರಹದ ಉದ್ದೇಶ.

ನಮ್ಮ ಸಹಪಾಠಿಯೊಬ್ಬನ ಸೋದರಮಾವನಿಗೆ ಕೊಡಗಿನ ವಿರಾಜಪೇಟೆಯ ಕಡೆ ಸಣ್ಣದೊಂದು ತೋಟವಿದೆ. ಕಾಫಿ ಗಿಡಗಳ ನಡುವೆ ಅಲ್ಲೊಂದು ಇಲ್ಲೊಂದು ಕಿತ್ತಳೆ ಮರ. ಹಾಸ್ಟೆಲಿನಲ್ಲಿ ಒಂದು ರಾತ್ರಿ ಹಣ್ಣಿನ ಬೆಲೆಯ ಮಾತು ಬಂದು, “ಅಂಗಡಿಯವನಿಗೆ ಯಾಕೆ ಸುರಿಯಬೇಕು? ಮಾವನ ಹತ್ತಿರವೇ ನೇರವಾಗಿ ತರಿಸೋಣ” ಎಂದು ಅವನು ಎಂದದ್ದೇ ತಡ, ಹತ್ತು ಜನ ಕೈ ಎತ್ತಿದೆವು. ಮಾವನೂ ಒಪ್ಪಿದರು. ತೋಟದಲ್ಲಿ ಕಿಲೋವಿಗೆ 60 ರೂಪಾಯಿ, ಪೆಟ್ಟಿಗೆ, ಸಾಗಣೆಯ ಖರ್ಚು ನಮ್ಮದು, ಹಣ ಮುಂಗಡ. ‘ಕೊಟ್ಟವನು ಕೋಡಂಗಿ, ಇಸ್ಕೊಂಡವನು ಈರಭದ್ರ’ ಎಂಬ ಗಾದೆಯನ್ನು ಒಬ್ಬ ನೆನಪಿಸಿದನಾದರೂ, ಮೊಬೈಲಿನಲ್ಲಿ ಹಣ ಕಳಿಸುವುದು ಎಷ್ಟು ಸುಲಭವೆಂದರೆ ಗಾದೆ ಮುಗಿಯುವಷ್ಟರಲ್ಲಿ ಹಣ ಹೋಗಿಯಾಗಿತ್ತು.

ಹಣ್ಣು ಬಂತು. ಪೆಟ್ಟಿಗೆ ಬಿಚ್ಚಿದವರ ಮುಖ ಮೊದಲು ಸಪ್ಪಗಾಯಿತು. ಸಿಪ್ಪೆಯಲ್ಲಿ ಅರ್ಧ ಹಸಿರು! “ಕಾಯಿ ಕಿತ್ತು ಕಳಿಸಿದ್ದಾರೆ ಕಣೋ” ಎಂದು ಗುಲ್ಲೆದ್ದಿತು. ನಮ್ಮ ಪಾಲಿಗೆ ಕಿತ್ತಳೆಯೆಂದರೆ ತಳ್ಳುಗಾಡಿಯ ಮೇಲೆ ಗೋಪುರ ಕಟ್ಟಿದ, ಸಡಿಲ ಸಿಪ್ಪೆಯ, ಕೇಸರಿ ಬಣ್ಣದ ನಾಗಪುರದ ಹಣ್ಣು. ಕೊಡಗಿನದು ಹಾಗಲ್ಲ. ಹಸಿರು ಮಿಶ್ರಿತ ಹಳದಿ ಬಣ್ಣ, ತೊಳೆಗೆ ಅಂಟಿಕೊಂಡ ಸಿಪ್ಪೆ, ಸಿಹಿಯೊಡನೆ ಒಂದಿಷ್ಟು ಹುಳಿ. ಇದೇ ಅದರ ಜಾತಿಲಕ್ಷಣ. ಈ ಗುಣಗಳಿಂದಾಗಿಯೇ 2006ರಲ್ಲಿ ಅದಕ್ಕೆ ಭೌಗೋಳಿಕ ಸೂಚಕದ ಮಾನ್ಯತೆ ದೊರೆತಿದೆ. ಸಿಪ್ಪೆಯ ಬಣ್ಣ ತಿರುಗುವುದಕ್ಕೆ ರಾತ್ರಿಯ ಚಳಿ ಬೇಕು. ಚಳಿ ಸಾಲದ ಕಡೆ ಒಳಗೆ ಹಣ್ಣಾಗಿದ್ದರೂ ಹೊರಗೆ ಹಸಿರು ಉಳಿಯುತ್ತದೆ. ಬಾಳೆ ಮಾವುಗಳಂತೆ ಕಿತ್ತಳೆಯನ್ನು ಕಿತ್ತು ತಂದು ಹಣ್ಣು ಮಾಡುವುದೂ ಸಾಧ್ಯವಿಲ್ಲ. ಅನಿಲಕ್ಕೊಡ್ಡಿ ಸಿಪ್ಪೆಯ ಬಣ್ಣ ಬದಲಿಸಬಹುದು, ಒಳಗಿನ ಸಿಹಿ ಹೆಚ್ಚಿಸಲಾಗದು. ಆದಕಾರಣ ಮರದಲ್ಲೇ ಹಣ್ಣಾದದ್ದನ್ನು ಕಿತ್ತು ಮರುದಿನವೇ ಕಳಿಸಬಲ್ಲ ತೋಟದವನ ಹಣ್ಣಿನಲ್ಲಿ ರುಚಿ ಹೆಚ್ಚೆಂಬುದು ಬರಿಯ ಭಾವನೆಯಲ್ಲ. ಒಂದನ್ನು ಸುಲಿದು ತೊಳೆ ಬಾಯಿಗಿಟ್ಟುಕೊಂಡ ಮೇಲೆ ಹಾಸ್ಟೆಲಿನಲ್ಲಿ ಗುಲ್ಲು ತಾನಾಗಿ ಅಡಗಿತು.

ಆದರೆ ನಾಲ್ಕನೆಯ ಪೆಟ್ಟಿಗೆ ಬಿಚ್ಚಿದಾಗ ಮತ್ತೆ ಎದ್ದಿತು. ತಳದ ಹಣ್ಣುಗಳು ಜಜ್ಜಿ, ಬೂಷ್ಟು ಹಿಡಿದು, ನೀರಾಗಿದ್ದವು. ತೂಗಿದರೆ 6 ಕಿಲೋ ನಷ್ಟ. ತಡಮಾಡದೆ ಸಭೆ ಸೇರಿತು. “ದುಡ್ಡು ಪೂರ್ತಿ ಕೊಟ್ಟಿದ್ದೇವೆ, ಕೊಳೆತದ್ದಕ್ಕೆ ನಾವೇಕೆ ಕೊಡಬೇಕು?” ಎಂದು ಎಲ್ಲರಿಗಿಂತ ಗಟ್ಟಿಯಾಗಿ ಕೂಗಿದವನು ನಾನು. 360 ರೂಪಾಯಿ ಹಿಂದಿರುಗಿಸಬೇಕೆಂದು ಮಾವನಿಗೆ ಸಂದೇಶ ಬರೆದವನೂ ನಾನೇ. ಮರುದಿನ ಬೆಳಿಗ್ಗೆ ಒಂದು ಮಾತೂ ಇಲ್ಲದೆ 360 ರೂಪಾಯಿ ಬಂದು ಬಿದ್ದಿತು. ನ್ಯಾಯ ಗೆದ್ದಿತೆಂದು ನಾವು ಆ ದುಡ್ಡಿನಲ್ಲಿ ಕಾಫಿ ಕುಡಿದೆವು.

ಇಲ್ಲೊಂದು ಸಂಗತಿಯನ್ನು ನಾನು ಮುಚ್ಚಿಟ್ಟಿದ್ದೇನೆ. ಆ ಸಭೆಯಲ್ಲೂ ಎಲ್ಲರೂ ಮುಚ್ಚಿಟ್ಟೆವು. ಪೆಟ್ಟಿಗೆಗಳು ನಮ್ಮ ಊರಿನ ಬಸ್ ನಿಲ್ದಾಣಕ್ಕೆ ಬಂದಿಳಿದದ್ದು ಕಾಲೇಜಿನ ಕ್ರೀಡಾಕೂಟದ ಮೊದಲ ದಿನ. ಬಂದಿದೆ ಎಂಬ ಸುದ್ದಿ ಅಂದೇ ಮುಟ್ಟಿತ್ತು. ಇವನು ಹೋಗುತ್ತಾನೆಂದು ಅವನು, ಅವನು ಹೋಗುತ್ತಾನೆಂದು ನಾನು. ಹೀಗೆ ಹತ್ತು ಜನ ಕೊಳ್ಳುಗರ ಹಣ್ಣು ಎರಡು ದಿನ ಅನಾಥವಾಗಿ, ಒಂದರ ಮೇಲೊಂದು ಪೇರಿಸಿದ ಪೆಟ್ಟಿಗೆಗಳಲ್ಲಿ ಬಿದ್ದಿತ್ತು. ತಳದಲ್ಲಿದ್ದ ಪೆಟ್ಟಿಗೆ ಕೊಳೆತದ್ದರಲ್ಲಿ ಆಶ್ಚರ್ಯವೇನು?

ಸಂಕ್ರಾಂತಿಯ ರಜೆಯಲ್ಲಿ ಸಹಪಾಠಿಯೊಡನೆ ಆ ತೋಟಕ್ಕೆ ಹೋದೆ. ಮಾವ ಆದರದಿಂದ ಬರಮಾಡಿಕೊಂಡರು. ಹಣದ ಮಾತನ್ನು ಎತ್ತಲೇ ಇಲ್ಲ. ತೋಟ ಸುತ್ತುವಾಗ ಕೆಲವು ಮರಗಳ ಎಲೆಗಳಲ್ಲಿ ಮಚ್ಚೆ ಮಚ್ಚೆಯಾಗಿ ಹಳದಿ, ತುದಿಯಿಂದ ಒಣಗುತ್ತ ಬಂದ ರೆಂಬೆ, ಸೊಟ್ಟಗೆ ಸಣ್ಣಗೆ ಉಳಿದ ಕಾಯಿ. ಕೊಡಗಿನ ಕಿತ್ತಳೆಯನ್ನು ದಶಕಗಳಿಂದ ಕಾಡುತ್ತಿರುವ ರೋಗ ಇದು. ಸಣ್ಣ ಕೀಟವೊಂದು ಮರದಿಂದ ಮರಕ್ಕೆ ದಾಟಿಸುವ ಬ್ಯಾಕ್ಟೀರಿಯಾ ಅದರ ಮೂಲ. ಹಿಡಿದ ಮರವನ್ನು ಗುಣಪಡಿಸುವ ಮದ್ದಿಲ್ಲ. ಕಡಿದು ಹಾಕಿ ರೋಗವಿಲ್ಲದ ಸಸಿ ನೆಡಬೇಕು, ಫಲಕ್ಕೆ ವರ್ಷಗಟ್ಟಲೆ ಕಾಯಬೇಕು. “ಈ ವರ್ಷ ಹನ್ನೊಂದು ಮರ ಕಡಿಸಿದೆ. ಮತ್ತೆ ಕಿತ್ತಳೆ ನೆಡುವುದೋ, ಬಿಟ್ಟುಬಿಡುವುದೋ ಇನ್ನೂ ನಿಶ್ಚಯ ಮಾಡಿಲ್ಲ” ಎಂದರು ಮಾವ. “ಕಾಯಿ ಸಣ್ಣದಿರುವಾಗಲೇ ಗುತ್ತಿಗೆದಾರ ಬಂದು ಮರದ ಮೇಲಿನ ಫಸಲಿಗೆ ಮೊತ್ತ ಹೇಳುತ್ತಾನೆ. ಕಿಲೋ ಲೆಕ್ಕಕ್ಕೆ ಹಾಕಿದರೆ 28 ರೂಪಾಯಿ ಬೀಳುವುದಿಲ್ಲ. ಆದರೆ ಒಂದು ಮಾತು: ಆಮೇಲೆ ಕೊಳೆತರೆ ಅವನು ನನ್ನ ಹತ್ತಿರ ಬರುವುದಿಲ್ಲ.”

ಅವರು ನನ್ನನ್ನು ಕುರಿತು ಆ ಮಾತು ಆಡಿದರೆಂದು ನಾನು ಹೇಳಲಾರೆ. ನನಗೆ ತಾಗಿದ್ದಂತೂ ನಿಜ. ಹಿಂದಿರುಗುವ ಬಸ್ಸಿನಲ್ಲಿ ಕುಳಿತು ಲೆಕ್ಕ ಹಾಕಿದೆ. ಹಣ್ಣಿಗೆ 2,400, ಪೆಟ್ಟಿಗೆಗೆ 160, ಸಾಗಣೆಗೆ 480, ಆಟೋವಿಗೆ 150. ಒಟ್ಟು 3,190 ರೂಪಾಯಿ. ಹಾಳಾದದ್ದನ್ನು ಕಳೆದು ಉಳಿದ 34 ಕಿಲೋವಿಗೆ ಹಂಚಿದರೆ ಕಿಲೋ ಒಂದಕ್ಕೆ ಹತ್ತಿರ ಹತ್ತಿರ 94 ರೂಪಾಯಿ. ತಳ್ಳುಗಾಡಿಯಲ್ಲಿ ಆಗ ನೂರು. ಅಂದರೆ ನಮಗೆ ನ್ಯಾಯವಾಗಿ ಉಳಿದದ್ದು ಕಿಲೋವಿಗೆ 6 ರೂಪಾಯಿ! ಬೆಳೆಗಾರರಿಗಾದರೋ 28ರ ಬದಲು 60 ಸಿಕ್ಕಿತ್ತು. ಹಾಗಾದರೆ ಈ ವ್ಯಾಪಾರದ ನಿಜವಾದ ಲಾಭ ನಮ್ಮ ಅಗ್ಗದ ಹಣ್ಣಲ್ಲ. ಅವರು ಮತ್ತೆ ಕಿತ್ತಳೆ ಸಸಿ ನೆಡುವ ಧೈರ್ಯ. ಅದರಿಂದಲೇ 360 ರೂಪಾಯಿ ಕಿತ್ತುಕೊಂಡು ನಾವು ಕಾಫಿ ಕುಡಿದಿದ್ದೆವು.

ಬೆಳೆಗಾರನ ಪಾಲು ಕಡಿಮೆಯೆಂಬುದು ಸುಳ್ಳಲ್ಲ. ಭಾರತೀಯ ರಿಸರ್ವ್ ಬ್ಯಾಂಕು 2024ರಲ್ಲಿ ಪ್ರಕಟಿಸಿದ ಅಧ್ಯಯನಗಳ ಪ್ರಕಾರ, ಕೊಳ್ಳುವವನು ಕೊಡುವ ಒಂದು ರೂಪಾಯಿಯಲ್ಲಿ ರೈತನಿಗೆ ಸಲ್ಲುವುದು ಬಾಳೆಹಣ್ಣಿನಲ್ಲಿ ಸುಮಾರು 31 ಪೈಸೆ, ದ್ರಾಕ್ಷಿಯಲ್ಲಿ 35, ಮಾವಿನಲ್ಲಿ 43. ಉಳಿದದ್ದೆಲ್ಲ ದಲ್ಲಾಳಿಯ ಹೊಟ್ಟೆಗೆ ಹೋಗುತ್ತದೆಂದು ತಿಳಿದಿದ್ದೆ. ಈಗ ನೋಡಿದರೆ ಆ ಪೈಸೆಗಳಲ್ಲಿ ಲಾರಿಯಿದೆ, ಹಮಾಲಿಯಿದೆ, ಪೆಟ್ಟಿಗೆಯಿದೆ, ಕೊಳೆತ ಹಣ್ಣಿದೆ, ಬಸ್ ನಿಲ್ದಾಣಕ್ಕೆ ಸಮಯಕ್ಕೆ ಸರಿಯಾಗಿ ಹೋಗುವ ಒಬ್ಬ ಮನುಷ್ಯನೂ ಇದ್ದಾನೆ. ಮಂಡಿಯಲ್ಲಿ ಮೋಸವಿಲ್ಲವೆಂದು ನಾನು ವಾದಿಸುತ್ತಿಲ್ಲ. ಆದರೆ ಮಧ್ಯವರ್ತಿಯನ್ನು ತೆಗೆದುಹಾಕಿದ ಮಾತ್ರಕ್ಕೆ ಅವನ ಕೆಲಸ ಮಾಯವಾಗುವುದಿಲ್ಲ. ಅದು ಯಾರದಾದರೂ ಹೆಗಲಿಗೆ ಬೀಳಲೇಬೇಕು. ನಾವು ಅವನ ಲಾಭವನ್ನು ಮಾತ್ರ ತೆಗೆದುಕೊಂಡು, ಅವನ ಕೆಲಸವನ್ನೂ ನಷ್ಟವನ್ನೂ ಬೆಳೆಗಾರನ ತಲೆಗೆ ಕಟ್ಟಿದರೆ, ಮಧ್ಯವರ್ತಿಗಿಂತ ಕೆಟ್ಟ ಮಧ್ಯವರ್ತಿಗಳು ನಾವೇ ಆಗುತ್ತೇವೆ.

ನಮ್ಮ ಹತ್ತು ಜನರಲ್ಲಿ ಒಬ್ಬನ ತಂದೆ ತಳ್ಳುಗಾಡಿಯಲ್ಲಿ ಹಣ್ಣು ಮಾರುವವರು. ನಾವು ಮಧ್ಯವರ್ತಿಗಳನ್ನು ಜರೆಯುತ್ತಿದ್ದ ರಾತ್ರಿ ಅವನು ಮಾತಾಡಿರಲಿಲ್ಲ. ಈ ಲೆಕ್ಕ ತೋರಿಸಿದಾಗ ನಕ್ಕು, “ನಮ್ಮಪ್ಪ ಒಂದೊಂದು ಹಣ್ಣನ್ನೂ ಆರಿಸಿಕೊಳ್ಳಲು ಬಿಡುತ್ತಾರೆ, ತಿಂಗಳ ಕೊನೆಯವರೆಗೆ ಸಾಲವನ್ನೂ ಕೊಡುತ್ತಾರೆ. ಅದಕ್ಕೆ 6 ರೂಪಾಯಿ ಹೆಚ್ಚೇನೋ?” ಎಂದನು. ನನ್ನಲ್ಲಿ ಉತ್ತರವಿರಲಿಲ್ಲ. ಮಂಗಳೂರಿನ ಬೀದಿಗಳಲ್ಲಿ ಬುಟ್ಟಿ ಹೊತ್ತು ಕಿತ್ತಳೆ ಮಾರಿ, ಆ ಸಂಪಾದನೆಯಿಂದ ತಮ್ಮೂರಿನ ಮಕ್ಕಳಿಗೆ ಶಾಲೆಯಾಗುವಂತೆ ಮಾಡಿದ ಹರೇಕಳ ಹಾಜಬ್ಬನವರಿಗೆ 2020ರ ಪದ್ಮಶ್ರೀ ಗೌರವ ಸಂದಿತಲ್ಲವೆ? ತೋಟಕ್ಕೂ ತಿನ್ನುವವರಿಗೂ ನಡುವೆ ನಿಂತವರು ಅವರೂ ಹೌದು. ನಡುವೆ ನಿಂತವರೆಲ್ಲ ಒಂದೇ ಅಲ್ಲ.

ಹಾಗೆಂದು ನೇರ ಖರೀದಿಯೇ ಬೇಡವೆಂದು ನನ್ನ ಅಭಿಪ್ರಾಯವಲ್ಲ. ಬೇಕು, ಆದರೆ ಅಗ್ಗದ ಆಸೆಯಿಂದಲ್ಲ, ಪಾಲುಗಾರಿಕೆಯ ಬುದ್ಧಿಯಿಂದ. ಹೂ ಕಾಯಾಗುವ ಹೊತ್ತಿಗೇ ನಮಗೆಷ್ಟು ಬೇಕೆಂದು ಹೇಳಿ ಮುಂಗಡ ಕೊಡೋಣ. ಸಣ್ಣದನ್ನೂ ಸಿಪ್ಪೆಯ ಮೇಲೆ ಕಲೆಯಿರುವುದನ್ನೂ ಬೇಡವೆನ್ನದಿರೋಣ. ಮರ ನಮ್ಮ ಕಣ್ಣಿಗಾಗಿ ಕಾಯುವುದಿಲ್ಲ. ಪೆಟ್ಟಿಗೆ ಕಟ್ಟುವವರೆಗಿನ ನಷ್ಟ ಅವರದು, ನಮ್ಮೂರಿಗೆ ಬಂದಿಳಿದ ಮೇಲಿನದು ನಮ್ಮದು, ದಾರಿಯದು ಇಬ್ಬರದೂ ಎಂದು ಮೊದಲೇ ಮಾತಾಗಲಿ. ಒಬ್ಬೊಬ್ಬರಿಂದ ಆಗದ್ದು ಕೂಡಿದರೆ ಆಗುತ್ತದೆ. ಇಂದು ಹಾಪ್‌ಕಾಮ್ಸ್ ಎಂದು ನಾವು ಕರೆಯುವ ಸಂಸ್ಥೆ 1959ರಲ್ಲಿ ಬೆಂಗಳೂರಿನ ದ್ರಾಕ್ಷಿ ಬೆಳೆಗಾರರ ಸಹಕಾರ ಸಂಘವಾಗಿಯೇ ಹುಟ್ಟಿದ್ದು. ಬೆಳೆಯುವವರು ಕೂಡಿ ಸಂಘ ಕಟ್ಟಬಹುದಾದರೆ, ತಿನ್ನುವವರು ಕೂಡಿ ಬಸ್ ನಿಲ್ದಾಣಕ್ಕೆ ಹೋಗಲಾರೆವೆ?

ಮೊನ್ನೆ ಹತ್ತು ಜನರಿಂದ 36 ರೂಪಾಯಿಯಂತೆ ಕೂಡಿಸಿ 360 ರೂಪಾಯಿಯನ್ನು ಮಾವನಿಗೆ ಕಳಿಸಿ, ತಪ್ಪು ನಮ್ಮದೆಂದು ಬರೆದೆ. ಮುಂದಿನ ಡಿಸೆಂಬರಿಗೆ ಆರು ಪೆಟ್ಟಿಗೆ ಕೇಳಿದ್ದೇವೆ. ನಾಲ್ಕು ಹಾಸ್ಟೆಲಿಗೆ, ಎರಡು ಸಹಪಾಠಿಯ ತಂದೆಯ ತಳ್ಳುಗಾಡಿಗೆ. ಮಾವನ ಉತ್ತರ ಒಂದೇ ಸಾಲು: “ಮರ ಉಳಿದರೆ ಕಳಿಸುತ್ತೇನೆ, ಇಳಿಸಿಕೊಳ್ಳಲು ಯಾರು ಬರುತ್ತೀರಿ?”

ನಾನು ನನ್ನ ಹೆಸರನ್ನು ಬರೆದು ಕಳಿಸಿದ್ದೇನೆ.